ಕಡಲ ನೊರೆಯ ಪೈಪು: ಪಳಗಿಸಲು ಹೋಗಿ ನಾನು ಕಲಿತದ್ದು

ನನ್ನ ಹತ್ತಿರ ಇರುವುದು ಒಂದೇ ಮೀರ್ಶಾಮ್ ಪೈಪು, ಅಂದರೆ ಹಗುರವಾದ ಬಿಳಿ ಕಲ್ಲಿನಲ್ಲಿ ಕೆತ್ತಿದ, ಹೊಗೆಸೊಪ್ಪು ಸೇದುವ ಪೈಪು. ನಾಲ್ಕು ವರ್ಷದ ಹಿಂದೆ ತಂಗಿಯ ಗಂಡ ಕೆಲಸದ ಮೇಲೆ ಇಸ್ತಾಂಬುಲ್‌ಗೆ ಹೋಗಿದ್ದರು. ಬರುವಾಗ ತಂದುಕೊಟ್ಟರು. "ಭಾವ, ಜೋಪಾನ. ಕೈಜಾರಿ ಬಿದ್ದರೆ ಎರಡು ಚೂರಂತೆ" ಅಂದರು. ಕೆತ್ತನೆ ಏನೂ ಇಲ್ಲ, ನುಣುಪಾದ ಬಟ್ಟಲು, ಹಾಲಿನ ಬಿಳುಪು. ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗುವುದಿಲ್ಲ. ಒಣಗಿದ್ದಾಗ ಈ ಕಲ್ಲು ನೀರಿನ ಮೇಲೆ ತೇಲುತ್ತದೆ.

ಅದಕ್ಕೂ ಮೊದಲು ಹತ್ತು ವರ್ಷ ನಾನು ಸೇದಿದ್ದು ಬ್ರೈಯರ್ ಪೈಪು. ಅದು ಒಂದು ಗಿಡದ ಬೇರುಗಂಟಿನಿಂದ ಮಾಡಿದ್ದು, ಅಂದರೆ ಮರ. ಹೊಸ ಬ್ರೈಯರನ್ನು ಪಳಗಿಸಬೇಕು. ಮೊದಲು ಅರ್ಧ ಬಟ್ಟಲು ತುಂಬಿಸಿ ಸೇದಬೇಕು, ಬರುಬರುತ್ತಾ ಪೂರ್ತಿ ತುಂಬಬೇಕು. ಒಳಗೋಡೆಗೆ ತೆಳ್ಳಗೆ ಮಸಿಯ ಪದರ ಕಟ್ಟುತ್ತದೆ. ಮರ ಸುಡದಂತೆ ಕಾಯುವುದು ಆ ಪದರವೇ. ನಮ್ಮಮ್ಮ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಸವರಿ ಹದ ಮಾಡುತ್ತಿದ್ದರಲ್ಲ, ಹಾಗೆ.

ಹೊಸ ಪೈಪನ್ನೂ ನಾನು ಹಾಗೇ ನಡೆಸಿಕೊಂಡೆ. ಸೇದಿ ಆದ ಮೇಲೆ ಬೂದಿ ಕೊಡವಿ ಇಟ್ಟುಬಿಡುತ್ತಿದ್ದೆ. ಮೂರು ತಿಂಗಳಿಗೆ ಒಳಗೆ ಕಪ್ಪು ಪದರ ಚೆನ್ನಾಗಿಯೇ ಕಟ್ಟಿತು. ನನಗೆ ಖುಷಿ.

ಬಸವನಗುಡಿಯ ನಮ್ಮ ರಸ್ತೆಯಲ್ಲಿ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಸೇದುವುದನ್ನು ಯಾವತ್ತೋ ಬಿಟ್ಟಿದ್ದಾರೆ, ಆದರೆ ಹಳೆಯ ಪೈಪುಗಳನ್ನು ಇನ್ನೂ ಒರೆಸಿ ಇಟ್ಟುಕೊಂಡಿದ್ದಾರೆ. ಒಂದು ಭಾನುವಾರ ಅವರಿಗೆ ತೋರಿಸಲು ಹೋದೆ. ಬಟ್ಟಲೊಳಗೆ ಇಣುಕಿ ನೋಡಿದವರು ಕೇಳಿದರು: "ಏನಪ್ಪಾ, ಒಳಗೆ ಮಸಿ ಕಟ್ಟಿಸಿದ್ದೀಯ?"

"ಹೌದು ಸಾರ್, ಪಳಗಲಿ ಅಂತ."

"ಇದು ಮರ ಅಲ್ಲಪ್ಪ, ಕಲ್ಲು. ಇದಕ್ಕೆ ಸುಟ್ಟುಹೋಗುವ ಭಯ ಎಲ್ಲಿದೆ? ಮಸಿ ಬಿಸಿಯಾದರೆ ಹಿಗ್ಗುತ್ತೆ, ಕಲ್ಲು ಅಷ್ಟು ಹಿಗ್ಗಲ್ಲ. ಒಳಗಿಂದ ತಳ್ಳಿ ತಳ್ಳಿ ಸೀಳಿಬಿಡುತ್ತೆ. ಇವತ್ತೇ ತೆಗೆದುಬಿಡು."

ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದೆ. ಬಾಯಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಆಗಲೇ ಬಿದ್ದಿತ್ತು. ಹೊಟ್ಟೆ ಚುರ್ ಅಂದಿತು. ಚಾಕು ಹಾಕಿ ಕೆರೆಯಲಿಲ್ಲ. ಉಗುರಿನಿಂದ ಒತ್ತಿದರೂ ಗೀರು ಬೀಳುವಷ್ಟು ಮೆತ್ತನೆಯ ಕಲ್ಲು ಇದು. ನಯವಾದ ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಮೆಲ್ಲಗೆ ಉಜ್ಜಿದೆ, ದಿನಕ್ಕೆ ಐದೇ ನಿಮಿಷ. ಪೂರ್ತಿ ಹೋಗಲು ಒಂದು ವಾರ ಬೇಕಾಯಿತು. ಆಮೇಲೆ ಆ ಗೆರೆ ಬೆಳೆದಿಲ್ಲ.

ಹಾಗಾದರೆ ಈ ಪೈಪನ್ನು ಪಳಗಿಸುವುದು ಹೇಗೆ? ಪದರ ಕಟ್ಟಿಸಿ ಅಲ್ಲ, ಪದರ ಕಟ್ಟದಂತೆ ನೋಡಿಕೊಂಡು. ಪ್ರತಿ ಸಲ ಸೇದಿ ಮುಗಿದ ಮೇಲೆ ಪೈಪು ಪೂರ್ತಿ ತಣಿಯಲು ಬಿಡುತ್ತೇನೆ. ಆಮೇಲೆ ಟಿಶ್ಯೂ ಕಾಗದವನ್ನು ಬತ್ತಿಯಂತೆ ಹೊಸೆದು ಬಟ್ಟಲೊಳಗೆ ತಿರುಗಿಸಿ ಒರೆಸುತ್ತೇನೆ. ಕೊಳವೆಗೆ ಪೈಪ್ ಕ್ಲೀನರ್ ಹಾಕುತ್ತೇನೆ, ಆದರೆ ತಳಕ್ಕೆ ಚುಚ್ಚುವುದಿಲ್ಲ. ತೇವ ಹೀರಿದಾಗ ಈ ಕಲ್ಲು ಇನ್ನೂ ಮೆತ್ತಗಾಗುತ್ತದೆ. ಆಗ ಕ್ಲೀನರ್ ತಂತಿಯ ತುದಿ ತಾಗಿದರೆ ಅಲ್ಲೇ ಗುಳಿ.

ಅದು ಹೀಗೇಕೆ ಅಂತ ಆಮೇಲೆ ಓದಿಕೊಂಡೆ. ಇದರ ಖನಿಜದ ಹೆಸರು ಸೆಪಿಯೊಲೈಟ್, ಮೆಗ್ನೀಸಿಯಂ ಸಿಲಿಕೇಟ್. ನಮ್ಮ ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಕೂಡ ಮೆಗ್ನೀಸಿಯಂ ಸಿಲಿಕೇಟೇ, ಆದರೆ ಒಳಗಿನ ಕಟ್ಟಣೆ ಬೇರೆ. ಇದರ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳು. ಹಾಗಾಗಿ ಇಷ್ಟು ಹಗುರ, ಹಾಗಾಗಿ ಹೊಗೆಯ ತೇವವನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಒಳಗೆ ಮಸಿ ಕಟ್ಟಿದರೆ ಆ ಹೀರುವ ಗುಣವೇ ಮುಚ್ಚಿಹೋಗುತ್ತದೆ. ಒಳ್ಳೆಯ ಕಲ್ಲು ಸಿಗುವುದು ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ, ನೆಲದಡಿಯ ಗಣಿಗಳಲ್ಲಿ. ನೀರಲ್ಲಿ ನೆನೆಸಿ ಮೆತ್ತಗಿರುವಾಗಲೇ ಕೆತ್ತುತ್ತಾರೆ, ಒಣಗಿಸಿ ಉಜ್ಜುತ್ತಾರೆ, ಕೊನೆಗೆ ಬಿಸಿ ಜೇನುಮೇಣದಲ್ಲಿ ಅದ್ದುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪೈಪುಗಳೂ ಇವೆ. ಸೇದುತ್ತಾ ಬರಬೇಕಾದ ಬಣ್ಣ ಅವುಗಳಿಗೆ ಅಷ್ಟಾಗಿ ಬರುವುದಿಲ್ಲ. ಕೊಳ್ಳುವುದಾದರೆ ಇಡೀ ಕಲ್ಲಿನಲ್ಲಿ ಕೆತ್ತಿದ್ದನ್ನೇ ಕೇಳಿ.

ಬಣ್ಣ ಅಂದೆನಲ್ಲ, ಈ ಪೈಪಿನ ಮೇಲೆ ನನಗಿರುವ ಪ್ರೀತಿಯೆಲ್ಲ ಅದರ ಮೇಲೇ. ಸೇದುತ್ತಾ ಸೇದುತ್ತಾ ಬಿಳಿ ಕಲ್ಲು ಮೊದಲು ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಜೇನಿನ ಬಣ್ಣ. ಆಮೇಲೆ ಹಳೇ ಬೆಲ್ಲದ ಕೆಂಪು. ನನ್ನದರಲ್ಲಿ ಮೊದಲು ತಿರುಗಿದ್ದು ಕೊಳವೆ ಮತ್ತು ಬಟ್ಟಲಿನ ತಳ, ತೇವ ಜಾಸ್ತಿ ನಿಲ್ಲುವುದು ಅಲ್ಲೇ ಅಲ್ವಾ. ಮೊದಲ ಆರು ತಿಂಗಳು ಏನೂ ಕಾಣಲಿಲ್ಲ. ಒಂದು ದಿನ ಬೆಳಗ್ಗೆ ಕಿಟಕಿಯ ಹತ್ತಿರ ಹಿಡಿದಾಗ ಕೊಳವೆಯ ಸುತ್ತ ಹಳದಿ ಉಂಗುರ. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ಬಿಸಿ ಇರುವಾಗ ಬಟ್ಟಲನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೇಲಿನ ಮೇಣ ಮೆತ್ತಗಾಗಿರುತ್ತದೆ, ಬೆರಳಿನ ಜಿಡ್ಡು ಕೊಳೆ ಎಲ್ಲ ಅಂಟಿಕೊಂಡು ಅಲ್ಲಿ ಕಲೆ ನಿಲ್ಲುತ್ತದೆ. ನನ್ನ ಹೆಬ್ಬೆರಳ ಗುರುತು ಎಡಮಗ್ಗುಲಲ್ಲಿ ಇವತ್ತಿಗೂ ಇದೆ. ಈಗ ಬಾಯಿತುಂಡಿನಲ್ಲೇ ಹಿಡಿಯುತ್ತೇನೆ. ಬಟ್ಟಲು ಹಿಡಿಯಲೇಬೇಕಾದರೆ ಹಳೆಯ ಪಂಚೆಯ ತುಂಡೊಂದು ಇದೆ.

ಬಾಯಿತುಂಡನ್ನೂ ಬಿಸಿಯಲ್ಲಿ ಕಳಚಬಾರದು. ನನ್ನದು ಹೊರಗೆ ಕಾಣದ ತಿರುಪಿನಿಂದ ಕೊಳವೆಗೆ ಕೂರುವಂಥದ್ದು. ಒಮ್ಮೆ ಅವಸರದಲ್ಲಿ ಕಳಚಿ, ಮತ್ತೆ ತಿರುಗಿಸಿದಾಗ ಸಡಿಲವಾಗಿ ಓರೆ ನಿಂತಿತು. ತಿರುಪಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಬಳಿದು, ಒಂದು ದಿನ ಒಣಗಿಸಿ ಹಾಕಿದೆ. ನೆಟ್ಟಗೆ ಕೂತಿತು.

ಸೇದುವುದು ನಿಧಾನವಾಗಿ. ಜೆಟ್ ಲೈಟರ್ ಬೇಡವೇ ಬೇಡ, ಬಾಯಂಚು ಕಪ್ಪಾಗುತ್ತದೆ. ಕಡ್ಡಿಪೆಟ್ಟಿಗೆ ಸಾಕು. ಗೀರಿದ ಕಡ್ಡಿಯ ಗಂಧಕದ ವಾಸನೆ ಹೋಗಲು ಒಂದು ಕ್ಷಣ ಕಾದು ಆಮೇಲೆ ಹಚ್ಚಿ. ಹೊಗೆಸೊಪ್ಪು ಹಸಿ ಇದ್ದರೆ ಬಟ್ಟಲು ಕಾದು ಬೆವರುತ್ತದೆ. ಕಾಗದದ ಮೇಲೆ ಹರಡಿ ಅರ್ಧ ಗಂಟೆ ಬಿಡುತ್ತೇನೆ. ಜುಲೈ ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಬೆಂಗಳೂರಿನ ಗಾಳಿಯೇ ಹಸಿ, ಆಗ ಒಂದೂವರೆ ಗಂಟೆಯಾದರೂ ಬೇಕು. ಅದೇ ತಿಂಗಳುಗಳಲ್ಲಿ ಪೈಪನ್ನು ಸೇದಿದ ಕೂಡಲೇ ಪೆಟ್ಟಿಗೆಗೆ ಹಾಕಿ ಮುಚ್ಚುವುದಿಲ್ಲ. ರಾತ್ರಿಯಿಡೀ ಪೆಟ್ಟಿಗೆ ತೆರೆದೇ ಇರುತ್ತದೆ.

ವಾರಕ್ಕೆ ಒಂದು ಸಲ, ಶನಿವಾರ ಸಂಜೆ, ಮನೆಯ ತಾರಸಿಯಲ್ಲಿ. ಅಷ್ಟೇ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ, ಅದು ಸರಿಯೇ. ಪೈಪಿನ ಹೊಗೆಯೂ ಬಾಯಿ, ಗಂಟಲಿನ ಕ್ಯಾನ್ಸರ್ ತರುತ್ತದೆ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ಮನೆಯಲ್ಲಿ ಹಿರಿಯರ ಪೈಪು ಮೂಲೆಯಲ್ಲಿ ಬಿದ್ದಿದ್ದರೆ ಅದನ್ನು ಉಳಿಸಿಕೊಳ್ಳಲು ಇದು ಉಪಯೋಗಕ್ಕೆ ಬಂದರೆ ಸಾಕು.

ಹೋದ ವರ್ಷ ಮೇಲಿನ ಹೊಳಪು ಕುಂದಿತ್ತು. ಮೇಣ ಬೇಕು ಅಂತ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಗೆ ಹೋದೆ. ಜೇನುಮೇಣ ಅಳೆಯುತ್ತಿದ್ದಾಗ ಪಕ್ಕದ ಡಬ್ಬಿಯಲ್ಲಿ ಬಿಳಿ ಬಿಲ್ಲೆಗಳು ಕಂಡವು. "ಇದೇನು?" ಅಂದೆ. "ಸಮುದ್ರಫೇನ ಸಾರ್, ಔಷಧಿಗೆ" ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಅದು ಕಟಲ್‌ಫಿಶ್ ಅನ್ನುವ ಕಡಲ ಜೀವಿಯ ಬೆನ್ನಿನ ಓಡು. ಫೇನ ಅಂದರೆ ನೊರೆ. ಜರ್ಮನ್ ಭಾಷೆಯಲ್ಲಿ ಮೀರ್ಶಾಮ್ ಅಂದರೂ ಕಡಲ ನೊರೆಯೇ! ಸೆಪಿಯೊಲೈಟ್ ಅನ್ನುವ ಹೆಸರನ್ನು 1847ರಲ್ಲಿ ಗ್ಲೋಕರ್ ಅನ್ನುವ ಜರ್ಮನ್ ಖನಿಜತಜ್ಞ ಇಟ್ಟದ್ದು ಇದೇ ಓಡನ್ನು ನೆನೆದು, ಅದರ ಹಾಗೇ ಹಗುರ, ಅದರ ಹಾಗೇ ರಂಧ್ರ. ಅಲ್ಲಿನವರಿಗೂ ಇಲ್ಲಿನವರಿಗೂ ಹಗುರವಾದ ಬಿಳಿ ವಸ್ತು ಕಂಡಾಗ ಹೊಳೆದದ್ದು ಒಂದೇ ಮಾತು. ಐವತ್ತು ಗ್ರಾಂ ಮೇಣದ ಜೊತೆ ಒಂದು ಬಿಲ್ಲೆಯನ್ನೂ ಕೊಂಡು ತಂದೆ. ಈಗ ಪೈಪಿನ ಪಕ್ಕದಲ್ಲೇ ಇದೆ.

ಮೇಣ ಹಾಕಿದ್ದು ಹೀಗೆ. ಪೈಪು ತಣ್ಣಗಿರುವಾಗ ಬಾಯಿತುಂಡು ಕಳಚಿ, ಬಟ್ಟಲಿನ ಬಾಯಿಗೂ ಕೊಳವೆಯ ತೂತಿಗೂ ಬಿರಡೆ ಹಾಕಿದೆ. ಒಳಗೆ ಮೇಣ ಹೋಗಬಾರದು. ಜೇನುಮೇಣ ಕರಗುವುದು ಸುಮಾರು 63 ಡಿಗ್ರಿಗೆ. ಕುದಿಯುವ ನೀರಿನ ಪಾತ್ರೆಯೊಳಗೆ ಸಣ್ಣ ಬಟ್ಟಲಿಟ್ಟು ಕರಗಿಸಿದೆ, ನೇರ ಉರಿಗೆ ಇಡಬೇಡಿ. ಹೇರ್ ಡ್ರೈಯರಿನಿಂದ ಪೈಪನ್ನು ದೂರದಿಂದ ಬೆಚ್ಚಗೆ ಮಾಡುತ್ತಾ ಬ್ರಷ್‌ನಿಂದ ಮೇಣ ಬಳಿದೆ. ಕಲ್ಲು ಬಾಯಾರಿದವರಂತೆ ಕುಡಿಯಿತು. ಇನ್ನು ಸಾಕು ಅನ್ನುವ ಹಾಗೆ ಮೇಲೇ ನಿಂತಾಗ ಬಿಸಿ ಆರಿಸಿ, ಹೆಚ್ಚಿನದನ್ನು ಪಂಚೆಯ ತುಂಡಿನಿಂದ ಒರೆಸಿ, ಮಾರನೇ ದಿನ ಉಜ್ಜಿ ಹೊಳಪು ತಂದೆ. ಆ ಶನಿವಾರದ ಮೊದಲ ಬಟ್ಟಲಿನಲ್ಲಿ ಸ್ವಲ್ಪ ಮೇಣದ ವಾಸನೆ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಕೊಳವೆ ಈಗ ಬೆಲ್ಲದ ಬಣ್ಣಕ್ಕೆ ಬಂದಿದೆ. ಬಾಯಂಚಿನ ಹತ್ತಿರ ಎರಡು ಬೆರಳಷ್ಟು ಜಾಗ ಇನ್ನೂ ಹಾಲಿನ ಬಿಳುಪೇ ಇದೆ.