ಎಬಿಜಿ ಜೊತೆಗೇ ಪೊಟ್ಯಾಶಿಯಂ ಓದುವುದು: ಐಸಿಯುನಲ್ಲಿ ನನ್ನ ಅನುಭವ

ಎಬಿಜಿ (ಅಪಧಮನಿಯ ರಕ್ತದಲ್ಲಿನ ಅನಿಲ ಮತ್ತು ಆಸಿಡ್ ಮಟ್ಟದ ಪರೀಕ್ಷೆ) ರಿಪೋರ್ಟ್ ಒಂದು ಕಡೆ, ಎಲೆಕ್ಟ್ರೋಲೈಟ್ (ಪೊಟ್ಯಾಶಿಯಂನಂಥ ರಕ್ತದ ಲವಣಗಳು) ಇನ್ನೊಂದು ಕಡೆ ಇಟ್ಟು ಓದುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನರ್ಸಿಂಗ್ ಓದುವಾಗ ಅವು ಎರಡು ಬೇರೆ ಪಾಠ. ಬೆಡ್ ಮೇಲೆ ಮಲಗಿರುವ ರೋಗಿ ಮಾತ್ರ ಒಬ್ಬರೇ, ಅಲ್ವಾ?

ನಾರ್ಮಲ್ ಅಂಕಿಗಳು ಬಾಯಿಪಾಠ ಆಗಲೇಬೇಕು. ಪಿಎಚ್ (ಇದು ಇಳಿದರೆ ರಕ್ತದಲ್ಲಿ ಆಸಿಡ್ ಜಾಸ್ತಿ ಎಂದರ್ಥ) 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ 35ರಿಂದ 45, ಆಸಿಡ್ ತಗ್ಗಿಸುವ ಬೈಕಾರ್ಬನೇಟ್ 22ರಿಂದ 26. ಮೊದಲು ಪಿಎಚ್ ನೋಡಿ, ಅದನ್ನು ಮೇಲಕ್ಕೋ ಕೆಳಕ್ಕೋ ಎಳೆದದ್ದು ಉಸಿರಾಟವೋ ಬೈಕಾರ್ಬನೇಟೋ ಎಂದು ಹುಡುಕುತ್ತೇನೆ. ಎಳೆತವನ್ನು ಸರಿದೂಗಿಸಲು ಶ್ವಾಸಕೋಶ ನಿಮಿಷಗಳಲ್ಲೇ ಕೆಲಸ ಶುರು ಮಾಡುತ್ತದೆ. ಕಿಡ್ನಿಗೆ ದಿನಗಳೇ ಬೇಕು.

ಡಯಾಬಿಟಿಕ್ ಕೀಟೋಅಸಿಡೋಸಿಸ್‌ನಲ್ಲಿ (ಇನ್ಸುಲಿನ್ ಸಾಲದೆ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಆಸಿಡ್ ಏರುವ ಸ್ಥಿತಿ) ಬರುವಂಥ ಒಂದು ರಿಪೋರ್ಟ್ ನೋಡಿ. ಪಿಎಚ್ 7.22, ಕಾರ್ಬನ್ ಡೈಆಕ್ಸೈಡ್ 20, ಬೈಕಾರ್ಬನೇಟ್ 8. ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ, ಇರಬೇಕಾದ ಕಾರ್ಬನ್ ಡೈಆಕ್ಸೈಡ್ 20 ಎಂದು ಬರುತ್ತದೆ. ಅಂದರೆ ಉಸಿರಾಟ ಎಷ್ಟು ಜೋರಾಗಬೇಕೋ ಅಷ್ಟು ಜೋರಾಗಿದೆ. ಇದೇ ರೋಗಿಯ ಕಾರ್ಬನ್ ಡೈಆಕ್ಸೈಡ್ 32 ಇದ್ದರೆ? ಅಂಕಿ ನಾರ್ಮಲ್ ಹತ್ತಿರ ಬಂತು ಎಂದು ಯಾರಾದರೂ ಸಮಾಧಾನ ಪಟ್ಟಾರು. ನನಗೆ ಮಾತ್ರ ಅದು ರೋಗಿ ಜೋರಾಗಿ ಉಸಿರಾಡಿ ಸುಸ್ತಾಗುತ್ತಿರುವ ಲಕ್ಷಣ. ತಕ್ಷಣ ಡಾಕ್ಟರನ್ನು ಕರೆಯುತ್ತೇನೆ.

ಈಗ ಅದೇ ರೋಗಿಯ ಪೊಟ್ಯಾಶಿಯಂ 5.4 ಎನ್ನಿ. ಜಾಸ್ತಿ ಇದೆ ಎಂದು ಬರೆದುಕೊಂಡು ಸುಮ್ನೆ ಇರುವ ಹಾಗಿಲ್ಲ. ಇನ್ಸುಲಿನ್ ಇಲ್ಲದೆ, ಆಸಿಡ್ ಏರಿ, ಜೀವಕೋಶದ ಒಳಗಿನ ಪೊಟ್ಯಾಶಿಯಂ ರಕ್ತಕ್ಕೆ ಬಂದಿದೆ. ದೇಹದಲ್ಲಿ ಒಟ್ಟಾರೆ ನೋಡಿದರೆ ಅದು ಕಡಿಮೆಯೇ, ಮೂತ್ರದಲ್ಲಿ ಬೇಕಾದಷ್ಟು ಹೋಗಿರುತ್ತದೆ. ಇನ್ಸುಲಿನ್ ಶುರುವಾದ ಮೇಲೆ ಅದು ಸರಸರನೆ ಒಳಗೆ ವಾಪಸ್ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ 3.3 ಆದರೂ ಆಶ್ಚರ್ಯವಿಲ್ಲ. ಅದಕ್ಕೇ ನಾನು ಮಾನಿಟರ್‌ನಲ್ಲಿ ಟಿ ವೇವ್ (ಇಸಿಜಿಯಲ್ಲಿ ಪೊಟ್ಯಾಶಿಯಂ ಜೊತೆ ಆಕಾರ ಬದಲಿಸುವ ಅಲೆ) ಮೇಲೆ ಕಣ್ಣಿಡುತ್ತೇನೆ. ಮೂತ್ರ ಎಷ್ಟು ಬರುತ್ತಿದೆ ಎಂದು ಗಂಟೆಗೊಮ್ಮೆ ನೋಡುತ್ತೇನೆ, ಮುಂದಿನ ಸ್ಯಾಂಪಲ್‌ನ ಸಮಯವನ್ನು ಚಾರ್ಟ್‌ನಲ್ಲಿ ಮೊದಲೇ ಬರೆದಿಡುತ್ತೇನೆ. ಪೊಟ್ಯಾಶಿಯಂ ಕೊಡುವುದಾದರೆ ಪಂಪ್‌ನಲ್ಲೇ, ಡೈಲ್ಯೂಟ್ ಮಾಡಿಯೇ. ಅದನ್ನು ಸಿರಿಂಜ್‌ನಲ್ಲಿ ನೇರವಾಗಿ ತಳ್ಳುವ ಮಾತೇ ಇಲ್ಲ, ಹೃದಯ ನಿಂತುಹೋಗುತ್ತದೆ.

ಸ್ಯಾಂಪಲ್ ಸರಿಯಿಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಇದ್ದರೆ ತಕ್ಷಣ ಹೊರಗೆ ಹಾಕುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜ್‌ಗೆ ಹಾಕುವ ದ್ರವ ಹೆಪಾರಿನ್ ಜಾಸ್ತಿ ಉಳಿದಿದ್ದರೆ ರಕ್ತ ತೆಳುವಾಗಿ ಬೈಕಾರ್ಬನೇಟ್, ಕ್ಯಾಲ್ಶಿಯಂ ಎರಡೂ ಕಡಿಮೆ ತೋರಿಸುತ್ತವೆ. ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದರೆ ಪೊಟ್ಯಾಶಿಯಂ ಜಾಸ್ತಿ ಇದೆ ಎಂದು ಸುಳ್ಳು ಹೇಳುತ್ತದೆ. ಬ್ಲಡ್ ಗ್ಯಾಸ್ ಮೆಷಿನ್ ಅದನ್ನು ಎಷ್ಟೋ ಸಲ ಗುರುತಿಸುವುದೂ ಇಲ್ಲ. ಹಾಗಾಗಿ ಇಸಿಜಿಗೂ ರೋಗಿಗೂ ಹೊಂದದ ಅಂಕಿ ಬಂದರೆ ಇನ್ನೊಂದು ಸ್ಯಾಂಪಲ್ ಕಳಿಸೋಣವೇ ಎಂದು ಕೇಳಲು ನನಗೆ ಸಂಕೋಚವಿಲ್ಲ.

ಇನ್ನೊಂದು ವಿಷಯ. ಪೊಟ್ಯಾಶಿಯಂ ಎಷ್ಟು ಕೊಟ್ಟರೂ ಏರುತ್ತಿಲ್ಲ ಎಂದರೆ ರೌಂಡ್ಸ್‌ನಲ್ಲಿ ನನ್ನ ಮೊದಲ ಪ್ರಶ್ನೆ ಮೆಗ್ನೀಶಿಯಂ ಎಷ್ಟಿದೆ ಎಂಬುದು. ಅದು ಕಡಿಮೆ ಇದ್ದರೆ ಕೊಟ್ಟ ಪೊಟ್ಯಾಶಿಯಂ ಕಿಡ್ನಿ ಮೂಲಕ ಸೋರಿಹೋಗುತ್ತಲೇ ಇರುತ್ತದೆ.