ಮಾಗಿಯ ಸಂತೆಯಲ್ಲಿ ಸೊಗಡಿನ ಅವರೆ ಆರಿಸುವುದು ಹೇಗೆ (ಜೊತೆಗೆ ತೊಗರಿಕಾಯಿ, ಕಡಲೆಕಾಯಿ, ಗೆಣಸು)

ಡಿಸೆಂಬರ್, ಜನವರಿಯಲ್ಲಿ ರಾಮನಗರ, ಕೋಲಾರ, ತುಮಕೂರು ಕಡೆಯ ಯಾವ ಸಂತೆಗೆ ಹೋದರೂ ಅವರೆಕಾಯಿ ರಾಶಿ ಬಿದ್ದಿರುತ್ತದೆ. ರಾಶಿ ನೋಡಿ ಮರುಳಾಗಿ ಚೀಲ ತುಂಬಿಸಿಕೊಂಡು ಬಂದರೆ ಅರ್ಧಕ್ಕರ್ಧ ಜೊಳ್ಳು, ಇಲ್ಲವೇ ಬಲಿತ ಕಾಳು. ಒಂದೆರಡು ನಿಮಿಷ ನಿಂತು ಕಾಯಿ ಮುಟ್ಟಿ, ಮೂಸಿ ನೋಡಿದರೆ ಈ ನಷ್ಟ ತಪ್ಪುತ್ತದೆ.

ಮೊದಲು ಕಾಲದ ಮಾತು. ನಾಟಿ ಅವರೆ ಹಗಲು ಗಿಡ್ಡವಾದ ಮೇಲಷ್ಟೇ ಹೂ ಬಿಡುವ ಬೆಳೆ. ಮುಂಗಾರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ (ರಾಗಿಯ ನಡುನಡುವೆ ಬೇರೆ ಬೆಳೆಗೆ ಬಿಡುವ ಸಾಲು) ಬಿತ್ತಿದರೂ ಕಾಯಿ ಕಟ್ಟುವುದು ಚಳಿ ಬಿದ್ದ ಮೇಲೆಯೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲೂ ಬೆಳೆಯುತ್ತವೆ. ಅಕಾಲದಲ್ಲಿ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಇಂಥ ತಳಿಗಳೇ. ಪಲ್ಯಕ್ಕೇನೋ ಸಾಕು, ಸೊಗಡು ಬೇಕೆಂದರೆ ಜೂನ್‌ನಲ್ಲಿ ಅವರೆಗೆ ದುಡ್ಡು ಸುರಿಯುವುದು ದಂಡ.

ಸೊಗಡು ಇರುವುದು ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡಿನಲ್ಲಿ. ನಾಲ್ಕೈದು ಕಾಯಿ ಹಿಡಿದು ಅಂಗೈಯಲ್ಲಿ ಉಜ್ಜಿ. ಕೈ ಅಂಟಬೇಕು, ವಾಸನೆ ಮೂಗಿಗೆ ಹೊಡೆಯಬೇಕು. ಕಾಯಿ ನೀಟಾಗಿ ಹೊಳೆಯುತ್ತಿದ್ದು ಕೈಗೆ ಏನೂ ಅಂಟದಿದ್ದರೆ, ಬಾಡದಿರಲೆಂದು ನೀರು ಚಿಮುಕಿಸಿ ಚಿಮುಕಿಸಿ ಸೊಗಡನ್ನೇ ತೊಳೆದುಬಿಟ್ಟಿದ್ದಾರೆ ಎಂದರ್ಥ. ಅಂಥ ಕಾಯಿ ಮಾರನೇ ದಿನಕ್ಕೇ ಕಪ್ಪು ಮಚ್ಚೆ ಬಿದ್ದು ಲೋಳೆಯಾಗುತ್ತದೆ. ಇಬ್ಬನಿಯ ತೇವ ಬೇರೆ. ಅದು ಮೇಲ್ಮೇಲೆ ಇರುತ್ತದೆ, ರಾಶಿಯ ಒಳಗೆ ಕೈ ಹಾಕಿದರೆ ಒಣಗಿರುತ್ತದೆ.

ಆಮೇಲೆ ಕಾಳು. ಕಾಯಿಯನ್ನು ಬೆರಳಲ್ಲಿ ಒತ್ತಿದಾಗ ಪ್ರತಿ ಕಾಳೂ ಗಟ್ಟಿಯಾಗಿ ಉಬ್ಬಿ ಸಿಗಬೇಕು. ಚಪ್ಪಟೆ ಇದ್ದರೆ ಜೊಳ್ಳು. ಸಿಪ್ಪೆ ಹಳದಿಗೆ ತಿರುಗಿ ಸುಕ್ಕುಗಟ್ಟಿದ್ದರೆ ಕಾಳು ಬಲಿತಿದೆ, ಎಷ್ಟು ಬೇಯಿಸಿದರೂ ಹೊಟ್ಟು ಬಾಯಿಗೆ ಸಿಗುತ್ತದೆ. ಅಂಚಿನಲ್ಲಿ ನೇರಳೆ ಗೆರೆ ಇರುವುದು ದೋಷವಲ್ಲ, ಎಷ್ಟೋ ನಾಟಿ ಅವರೆಯ ಬಣ್ಣವೇ ಅದು. ಸಣ್ಣ ದುಂಡು ತೂತು ಕಂಡರೆ ಕಾಯಿಕೊರಕ ಹುಳ ಹೊಕ್ಕಿದೆ. ಕಿಲೋಗೆ ನಾಲ್ಕಾರು ತೂತಿನ ಕಾಯಿ ಬಂದರೆ ಪರವಾಗಿಲ್ಲ, ಹಿಡಿಹಿಡಿಯಾಗಿ ಬಂದರೆ ಮುಂದಿನ ಗುಡ್ಡೆಗೆ ಹೋಗಿ.

ಚೆನ್ನಾಗಿ ತುಂಬಿದ 1 ಕಿಲೋ ಕಾಯಿ ಸುಲಿದರೆ ಸುಮಾರು 400 ಗ್ರಾಂ ಕಾಳು ಸಿಗುತ್ತದೆ. ನಾಲ್ಕು ಜನರ ಸಾರಿಗೆ 1 ಕಿಲೋ ಸಾಕು. ಹಿತಕಿದ ಬೇಳೆ (ನೆನೆಸಿ, ಹಿಸುಕಿ ಸಿಪ್ಪೆ ಬಿಡಿಸಿದ ಕಾಳು) ಮಾಡುವುದಾದರೆ 2 ಕಿಲೋ ತನ್ನಿ, ಕಾಯಿಯ ಸಿಪ್ಪೆ ಒಮ್ಮೆ, ಕಾಳಿನ ಸಿಪ್ಪೆ ಒಮ್ಮೆ, ಹೀಗೆ ತೂಕ ಎರಡು ಸಲ ಕಳೆಯುತ್ತದೆ. ಸುಲಿದ ಕಾಳನ್ನೇ, ಹಿತಕಿದ ಬೇಳೆಯನ್ನೇ ಕೊಳ್ಳುವವರು ಅದು ನೀರಲ್ಲಿ ಮುಳುಗಿದೆಯೇ ನೋಡಿ. ನೀರು ಬಸಿಯದೆ ತೂಗಿದರೆ ನೀರಿಗೂ ಕಾಸು ಕೊಟ್ಟಂತೆ. ಹುಳಿ ವಾಸನೆ ಇದ್ದರೆ ಬಿಟ್ಟುಬಿಡಿ.

ಹಿತಕಿದ ಬೇಳೆಗೆ ತೀರಾ ಎಳೆಯದೂ ಆಗದು, ತೀರಾ ಬಲಿತದ್ದೂ ಆಗದು. ಎಳೆ ಕಾಳು ಬೆರಳ ನಡುವೆ ಜಜ್ಜಿಹೋಗುತ್ತದೆ. ಬಲಿತದ್ದರ ಸಿಪ್ಪೆ ಬಿಡುವುದಿಲ್ಲ. ಸುಲಿದ ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ 6ರಿಂದ 8 ಗಂಟೆ ನೆನೆಸಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕುವುದು ಸಲೀಸು. ಬೇಗ ಆಗಲೆಂದು ಬಿಸಿನೀರು ಹಾಕಬೇಡಿ, ಕಾಳು ಮೇಲೆ ಅರೆಬೆಂದು ಹಿತಕುವಾಗ ಹೋಳಾಗುತ್ತದೆ. ಅಡುಗೆಮನೆ ಸೆಖೆಯಾಗಿದ್ದರೆ ನಡುವೆ ಒಮ್ಮೆ ನೀರು ಬದಲಿಸಿ. ಇಲ್ಲದಿದ್ದರೆ ನೊರೆ ಬಂದು ಹಳಸುತ್ತದೆ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒಂದು ತುದಿಯಿಂದ ಒತ್ತಿದರೆ ಬೇಳೆ ಚಿಮ್ಮುತ್ತದೆ. ಪಾತ್ರೆಯ ಬಾಯಿಗೆ ಗುರಿಯಿಟ್ಟು ಹಿತಕದಿದ್ದರೆ ಗೋಡೆಯ ಮೇಲೆಲ್ಲ ಬೇಳೆ!

ಈ ಬೇಳೆಯನ್ನು ಕುಕ್ಕರಿಗೆ ಹಾಕಿದರೆ ಮುದ್ದೆಯಾಗುತ್ತದೆ. ತೆರೆದ ಪಾತ್ರೆಯಲ್ಲಿ 10ರಿಂದ 12 ನಿಮಿಷ ಸಾಕು. ಹುಣಸೆ, ಟೊಮೆಟೊ ಏನಿದ್ದರೂ ಬೇಳೆ ಮೆತ್ತಗಾದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ. ಖಾರದ ಅವರೆಬೇಳೆ ಕರಿಯುವುದಾದರೆ ಬಟ್ಟೆಯ ಮೇಲೆ ಹರಡಿ ತೇವ ಪೂರ್ತಿ ಆರಿಸಿ, ಒಂದೊಂದೇ ಹಿಡಿ ಎಣ್ಣೆಗೆ ಬಿಡಿ. ತೇವ ಉಳಿದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ.

ಕಾಯಿ ಉಳಿಸಿಕೊಳ್ಳಬೇಕಾದರೆ ತೊಳೆಯದೆ ಬಟ್ಟೆ ಚೀಲದಲ್ಲಿ ಫ್ರಿಜ್ಜಿನಲ್ಲಿಡಿ, ಮೂರ್ನಾಲ್ಕು ದಿನ ಬರುತ್ತದೆ. ಪ್ಲಾಸ್ಟಿಕ್ ಕವರು ಕಟ್ಟಿಟ್ಟರೆ ಬೆವರಿ ಕೊಳೆಯುತ್ತದೆ. ಬೇಸಿಗೆವರೆಗೆ ಬೇಕೆಂದರೆ ಸುಲಿದ ಕಾಳನ್ನು ಕುದಿಯುವ ನೀರಲ್ಲಿ 2 ನಿಮಿಷ ಹಾಕಿ, ತಕ್ಷಣ ತಣ್ಣೀರಿಗೆ ಹಾಕಿ, ಒರೆಸಿ ಫ್ರೀಜರಿಗೆ ಸೇರಿಸಿ. ಈ 2 ನಿಮಿಷ ಬಿಟ್ಟರೆ ಒಂದೆರಡು ತಿಂಗಳಲ್ಲೇ ಬಣ್ಣ, ರುಚಿ ಎರಡೂ ಇಳಿಯುತ್ತವೆ.

ಅದೇ ಸಂತೆಯಲ್ಲಿ ಹಸಿ ತೊಗರಿಕಾಯಿಯೂ ಇರುತ್ತದೆ. ಸಿಪ್ಪೆಯ ಮೇಲಿನ ಕಂದು ಗೀರು ಕಂಡು ಹಾಳಾಗಿದೆ ಎಂದುಕೊಳ್ಳಬೇಡಿ. ಎಷ್ಟೋ ತಳಿಗಳಲ್ಲಿ ಅದು ಹುಟ್ಟು ಗೆರೆ. ಹುಳದ ಕಾಟ ಇದಕ್ಕೆ ಇನ್ನೂ ಜಾಸ್ತಿ, ಹಾಗಾಗಿ ಸುಲಿಯದೆ ಇಡಿಯಾಗಿ ಬೇಯಿಸುವುದಾದರೆ ಒಂದೊಂದೇ ಕಾಯಿ ನೋಡಿ ಹಾಕಿ.

ಹಸಿ ಕಡಲೆಕಾಯಿ ಇದಕ್ಕಿಂತ ತುಸು ಮೊದಲೇ ಬರುತ್ತದೆ. ಬಸವನಗುಡಿಯ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ನಡೆಯುವುದೂ ಹೊಸ ಫಸಲಿನ ಲೆಕ್ಕದಲ್ಲೇ. ಕಿವಿಯ ಹತ್ತಿರ ಅಲ್ಲಾಡಿಸಿ: ಸದ್ದು ಬಂದರೆ ಒಣಗಿದೆ, ಹುರಿಯಲು ಸರಿ, ಬರದೆ ಭಾರವಾಗಿದ್ದರೆ ಬೇಯಿಸಲು ಸರಿ. 1 ಲೀಟರ್ ನೀರಿಗೆ 2 ದೊಡ್ಡ ಚಮಚ ಉಪ್ಪು ಹಾಕಿ 30ರಿಂದ 40 ನಿಮಿಷ ಬೇಯಿಸಿ, ಇನ್ನರ್ಧ ಗಂಟೆ ಅದೇ ನೀರಲ್ಲಿ ಬಿಡಿ. ಕೂಡಲೇ ಬಸಿದರೆ ಉಪ್ಪು ಕಾಳಿಗೆ ಇಳಿದಿರುವುದಿಲ್ಲ. ಹಸಿಯದನ್ನು ಮುಚ್ಚಿಟ್ಟು ಬೂಷ್ಟು ಬಂದರೆ ತೊಳೆದು ಬಳಸುವ ಆಸೆ ಬೇಡ, ಆ ಬೂಷ್ಟಿನಲ್ಲಿ ವಿಷ ಇರಬಹುದು. ಎಸೆಯಿರಿ.

ಸಂಕ್ರಾಂತಿಯ ಗೆಣಸಿಗೆ ಒಂದೇ ಎಚ್ಚರಿಕೆ: ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳು. ಮೂತಿಹುಳ ಕೊರೆದ ಗೆಣಸು ಕಹಿಯಾಗುತ್ತದೆ, ಆ ಭಾಗ ಕೆತ್ತಿ ತೆಗೆದರೂ ಕಹಿ ಪೂರ್ತಿ ಹೋಗುವುದಿಲ್ಲ. ಮಣ್ಣು ತೊಳೆಯದೆ ಗಾಳಿಯಾಡುವ ಬುಟ್ಟಿಯಲ್ಲಿ ಹೊರಗಿಡಿ. ಫ್ರಿಜ್ಜಿನಲ್ಲಿಟ್ಟರೆ ನಡುಭಾಗ ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ.