ಎಫ್‌ಎಫ್‌ಎಂಪೆಗ್ ಹೇಳಿದ್ದೂ ನನ್ನ ಲಾಗ್‌ನಲ್ಲೇ ಇರಬೇಕು

ಬದಿಯಡ್ಕ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ತಾಳಮದ್ದಳೆಯ ಹಳೆ ಕ್ಯಾಸೆಟ್‌ಗಳಿವೆ. ಬಿಡುವಿದ್ದಾಗ ಅವನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಸಿ-90 ಕ್ಯಾಸೆಟ್ ಆದರೆ ಒಂದು ಬದಿಗೆ 45 ನಿಮಿಷ. ಸಿಡಿ ಗುಣಮಟ್ಟದ ವೇವ್ ಫೈಲು ಮಾಡಿದರೆ ಬದಿಗೆ ಸುಮಾರು 475 ಎಂಬಿ. ಅದನ್ನು ಗುಣಮಟ್ಟ ಕೆಡದೆ ಗಾತ್ರ ಕುಗ್ಗಿಸುವ ಫ್ಲಾಕ್ ಮಾಡಬೇಕು, ಮೊಬೈಲಿನಲ್ಲಿ ಕೇಳುವವರಿಗೆ ಎಂಪಿ3 ಮಾಡಬೇಕು, ಇನ್ನೊಂದು ಡಿಸ್ಕಿಗೆ ನಕಲು ಹಾಕಬೇಕು. ಇದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ಬರೀ ಮೇಸ್ತ್ರಿ. ಮೈಮುರಿದು ದುಡಿಯುವುದು ಆಡಿಯೋದ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಮತ್ತು ನಕಲು ಹಾಕುವ ಆರ್‌ಸಿಂಕ್.

ರಾತ್ರಿ, ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್ ಇದನ್ನು ಓಡಿಸುತ್ತದೆ. ಬೆಳಿಗ್ಗೆ ನನಗೆ ಬೇಕಾದದ್ದು ಒಂದೇ ಫೈಲು, ಅಂದರೆ ಲಾಗ್. ಯಾವ ಕ್ಯಾಸೆಟ್ ಆಯಿತು, ಯಾವುದು ನಿಂತಿತು, ನಿಲ್ಲುವ ಮೊದಲು ಆ ಪ್ರೋಗ್ರಾಂ ಏನು ಹೇಳಿತು, ಎಲ್ಲ ಅದರಲ್ಲೇ ಸಿಗಬೇಕು. ಪೈಥಾನ್‌ನ ಲಾಗಿಂಗ್ ಇದ್ದರೂ ಇದು ತಾನಾಗಿ ಆಗುವುದಿಲ್ಲ. ಹೊರಗಿನ ಪ್ರೋಗ್ರಾಂ ನೇರವಾಗಿ ಆಪರೇಟಿಂಗ್ ಸಿಸ್ಟಮ್ ಕೊಟ್ಟ 1 ಮತ್ತು 2ನೇ ಫೈಲ್ ಡಿಸ್ಕ್ರಿಪ್ಟರ್‌ಗೆ, ಅಂದರೆ ಎಸ್‌ಟಿಡಿಔಟ್ ಮತ್ತು ಎಸ್‌ಟಿಡಿಎರರ್ ಎಂಬ ಎರಡು ಹೊರದಾರಿಗಳಿಗೆ, ಬರೆಯುತ್ತದೆ. ನಮ್ಮ ಲಾಗರ್ ಇದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಪೈಥಾನ್ ಒಳಗೆ ಸಿಸ್.ಎಸ್‌ಟಿಡಿಔಟ್ ಅನ್ನು ಬದಲಾಯಿಸಿ ಇಟ್ಟರೂ ಅಷ್ಟೇ, ಅದಕ್ಕೆ ಬಿಸಿ ತಟ್ಟುವುದಿಲ್ಲ. ನಡುವೆ ಪೈಪ್ (ಒಂದು ಪ್ರೋಗ್ರಾಂನ ಮಾತನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆ) ಹಾಕಿ ನಾವೇ ಓದಬೇಕು.

ಸುಲಭದ ದಾರಿ ಪೈಥಾನ್‌ನಿಂದ ಹೊರಗಿನ ಪ್ರೋಗ್ರಾಂ ಓಡಿಸುವ ಸಬ್‌ಪ್ರೊಸೆಸ್.ರನ್. ಪೈಥಾನ್ 3.7ರಿಂದ ಅದರಲ್ಲಿ, ಪ್ರೋಗ್ರಾಂ ಹೇಳಿದ್ದನ್ನು ಹಿಡಿದುಕೊಡುವ ಕ್ಯಾಪ್ಚರ್ ಔಟ್‌ಪುಟ್ ಎಂಬ ಆಯ್ಕೆಯೂ ಇದೆ. ಫೈಲು ಎಷ್ಟು ನಿಮಿಷದ್ದು ಎಂದು ಎಫ್‌ಎಫ್‌ಪ್ರೋಬ್ ಹತ್ತಿರ ಕೇಳುವಂಥ ಸಣ್ಣ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ದೊಡ್ಡ ಕೆಲಸಕ್ಕೆ ಮಾತ್ರ ಬೇಡ. ಪ್ರೋಗ್ರಾಂ ಪೂರ್ತಿ ಮುಗಿಯುವವರೆಗೆ ಎಲ್ಲ ಮಾತೂ ಮೆಮೊರಿಯಲ್ಲೇ ಕೂತಿರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ ಅಲ್ವಾ? ನಡುರಾತ್ರಿ ಕರೆಂಟು ಹೋದರೆ ಆ ಮಾತೆಲ್ಲ ಅದರ ಜೊತೆಗೇ ಹೋಯಿತು.

ಹಾಗಾಗಿ ನಾನು ಸಬ್‌ಪ್ರೊಸೆಸ್‌ನಲ್ಲೇ ಇರುವ, ಪ್ರೋಗ್ರಾಂ ಮುಗಿಯುವವರೆಗೆ ಕಾಯದ ಪಿಓಪನ್ ಬಳಸಿ ಸಾಲುಸಾಲಾಗಿ ಓದುತ್ತೇನೆ. ಒಂದು ಸಾಲು ಬಂದ ಕೂಡಲೇ ಅದು ಲಾಗರ್‌ಗೆ ಹೋಗುತ್ತದೆ. ಸಾಲಿನ ಮುಂದೆ ಹೊತ್ತು, ಪ್ರೋಗ್ರಾಂ ಹೆಸರು, ಪ್ರೊಸೆಸ್ ಸಂಖ್ಯೆ, ಕ್ಯಾಸೆಟ್‌ನ ಹೆಸರು. ಲಾಗ್ ಹ್ಯಾಂಡ್ಲರ್ ಪ್ರತಿ ಸಾಲಿಗೂ ಫ್ಲಶ್ ಮಾಡುತ್ತದೆ, ಅಂದರೆ ತಡೆದಿಡದೆ ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸುತ್ತದೆ. ಕರೆಂಟು ಹೋದಾಗ ಕೊನೆಯ ಕೆಲವು ಸಾಲು ಡಿಸ್ಕಿಗೆ ಮುಟ್ಟದೆ ಹೋಗಬಹುದು, ಆದರೆ ಯಾವ ಕ್ಯಾಸೆಟ್ ನಡೆಯುತ್ತಿತ್ತು ಎಂಬುದು ಸಾಮಾನ್ಯವಾಗಿ ಸಿಗುತ್ತದೆ.

ಇನ್ನು ಎಸ್‌ಟಿಡಿಎರರ್ ವಿಷಯ. ಹೆಸರು ನೋಡಿ ಅದರಲ್ಲಿ ಬಂದದ್ದೆಲ್ಲ ತಪ್ಪು ಎಂದುಕೊಳ್ಳಬಾರದು. ಎಫ್‌ಎಫ್‌ಎಂಪೆಗ್ ತನ್ನ ಮಾತನ್ನೆಲ್ಲ ಅಲ್ಲೇ ಆಡುತ್ತದೆ, ಯಾಕೆಂದರೆ ಎಸ್‌ಟಿಡಿಔಟ್‌ನಲ್ಲಿ ಆಡಿಯೋವನ್ನೇ ಕಳಿಸಬೇಕಾಗಿ ಬರಬಹುದು. ಅಲ್ಲಿ ಬಂದದ್ದಕ್ಕೆಲ್ಲ ‘ಎರರ್’ ಎಂದು ಹಣೆಪಟ್ಟಿ ಹಚ್ಚಿದರೆ ಸರಿಯಾಗಿ ಮುಗಿದ ರಾತ್ರಿಯೂ ಲಾಗ್ ತುಂಬ ಕೆಂಪು. ನಾನು ಎರಡನ್ನೂ ಒಂದೇ ಪೈಪಿಗೆ ಸೇರಿಸುತ್ತೇನೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ಪೈಪ್ ಇಟ್ಟು ಒಂದನ್ನು ಮಾತ್ರ ಓದುತ್ತಾ ಕೂತರೆ ಇನ್ನೊಂದು ತುಂಬುತ್ತದೆ. ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ ಹಿಡಿಸುವುದು 64 ಕೆಬಿ. ತುಂಬಿದ ಮೇಲೆ ಆ ಪ್ರೋಗ್ರಾಂ ಬರೆಯಲಾಗದೆ ನಿಲ್ಲುತ್ತದೆ. ನಮ್ಮ ಸ್ಕ್ರಿಪ್ಟ್ ಅದು ಮುಗಿಯಲಿ ಎಂದು ಕಾಯುತ್ತದೆ, ಅದು ನಾವು ಓದಲಿ ಎಂದು ಕಾಯುತ್ತದೆ. ಬೆಳಗಾಗುವವರೆಗೂ ಹಾಗೇ. ಎರಡೂ ಬೇರೆ ಬೇರೆಯೇ ಬೇಕು ಎನ್ನುವವರು ಒಟ್ಟಿಗೆ ಓಡುವ ಎರಡು ಥ್ರೆಡ್ ಇಟ್ಟು ಓದಬಹುದು. ನನಗೆ ಆ ಅಗತ್ಯ ಬಿದ್ದಿಲ್ಲ.

ಎಫ್‌ಎಫ್‌ಎಂಪೆಗ್‌ನ ಪ್ರಗತಿ ಸಾಲು ಇನ್ನೊಂದು ತಲೆನೋವು. ಅರ್ಧ ಸೆಕೆಂಡಿಗೊಮ್ಮೆ ಅದು ಕ್ಯಾರೇಜ್ ರಿಟರ್ನ್ (ಸಾಲಿನ ಮೊದಲಿಗೆ ಮರಳುವ ಗುರುತು) ಹಾಕಿ ಅದೇ ಸಾಲನ್ನು ತಿದ್ದಿ ಬರೆಯುತ್ತದೆ. ಟರ್ಮಿನಲ್‌ನಲ್ಲಿ ಚಂದ. ಆದರೆ ಪೈಥಾನ್ ಟೆಕ್ಸ್ಟ್ ಮೋಡ್‌ನಲ್ಲಿ ಓದಿದರೆ ಪ್ರತಿಯೊಂದೂ ಹೊಸ ಸಾಲಾಗುತ್ತದೆ. ಪ್ರಗತಿ ಸಾಲು ನಿಲ್ಲಿಸುವ ನೋಸ್ಟ್ಯಾಟ್ಸ್ ಮತ್ತು ಶುರುವಿನ ಆವೃತ್ತಿ ವಿವರ ನಿಲ್ಲಿಸುವ ಹೈಡ್ ಬ್ಯಾನರ್ ಆಯ್ಕೆ ಕೊಟ್ಟರೆ ಈ ಗಲಾಟೆ ಇಲ್ಲ. ಎಷ್ಟು ವಿವರ ಹೇಳಬೇಕೆಂಬ ಲಾಗ್ ಲೆವೆಲ್ ಮಾತ್ರ ನಾನು ಇಳಿಸುವುದಿಲ್ಲ. ಮೊನೊ ಇತ್ತೋ ಸ್ಟೀರಿಯೊವೋ, ಸೆಕೆಂಡಿಗೆ 44100 ಸ್ಯಾಂಪಲ್ ಇತ್ತೋ 48000ವೋ ಎಂಬುದು ಆಮೇಲೆ ಬೇಕಾಗುತ್ತದೆ. ಪ್ರೋಗ್ರಾಂನ ಒಳದಾರಿಯಾದ ಎಸ್‌ಟಿಡಿಇನ್ ಅನ್ನು ಏನೂ ಬಾರದ ಡೆವ್‌ನಲ್‌ಗೆ ಕಟ್ಟಿಬಿಡಬೇಕು, ಇಲ್ಲವಾದರೆ ಎಫ್‌ಎಫ್‌ಎಂಪೆಗ್ ಅಲ್ಲಿಂದಲೂ ಓದಲು ಹೋಗುತ್ತದೆ.

ಸಾಲುಗಳು ತಡವಾಗಿ, ಗುಂಪಾಗಿ ಬಂದರೆ ಅದು ಬಫರಿಂಗ್. ಟರ್ಮಿನಲ್ ಬದಲು ಪೈಪ್ ಕಂಡರೆ ಬಹಳ ಪ್ರೋಗ್ರಾಂಗಳು ಸಾಲುಸಾಲಾಗಿ ಬರೆಯುವುದು ಬಿಟ್ಟು ರಾಶಿ ಹಾಕಿ ಒಮ್ಮೆಲೇ ಸುರಿಯುತ್ತವೆ. ಆಗ ಲಾಗ್‌ನಲ್ಲಿರುವ ಹೊತ್ತನ್ನು ನಂಬುವ ಹಾಗಿಲ್ಲ. ಸಿ ಲೈಬ್ರರಿ ಬಳಸುವ ಪ್ರೋಗ್ರಾಂ ಮುಂದೆ ಈ ರಾಶಿ ಹಾಕುವುದನ್ನು ಬದಲಿಸುವ ಎಸ್‌ಟಿಡಿಬಫ್ ಹಾಕಿ ನೋಡಬಹುದು. ಒಳಗೆ ಓಡುವುದು ಇನ್ನೊಂದು ಪೈಥಾನ್ ಸ್ಕ್ರಿಪ್ಟ್ ಆದರೆ ಅದಕ್ಕೆ ಅಂಥದೇ ಕೆಲಸದ ಮೈನಸ್ ಯು ಆಯ್ಕೆ.

ಕನ್ನಡದವರಿಗೆ ಇನ್ನೊಂದು ಗಮನಿಸುವ ವಿಷಯವಿದೆ. ಯೂನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಹೆಸರುಗಳು ಹಳೆ ಡಿಸ್ಕ್‌ಗಳಲ್ಲಿ ಇನ್ನೂ ಸಿಗುತ್ತವೆ. ಲಿನಕ್ಸ್‌ಗೆ ಫೈಲ್ ಹೆಸರೆಂದರೆ ಬರೀ ಬೈಟ್‌ಗಳು. ಅಂಥ ಹೆಸರನ್ನು ಎಫ್‌ಎಫ್‌ಎಂಪೆಗ್ ಲಾಗ್‌ಗೆ ಬರೆದರೆ, ಯೂನಿಕೋಡ್‌ನ ಯುಟಿಎಫ್-8 ಎಂದು ನಂಬಿ ಓದುವ ಪೈಥಾನ್ ಅಲ್ಲೇ ಬಿದ್ದುಹೋಗುತ್ತದೆ. ಬರೀ ಒಂದು ಲಾಗ್ ಸಾಲಿಗಾಗಿ ಇಡೀ ರಾತ್ರಿಯ ಕೆಲಸ ನಿಲ್ಲಬೇಕೇ? ಓದಲಾಗದ್ದು ಸಿಕ್ಕರೆ ಏನು ಮಾಡಬೇಕೆಂದು ಹೇಳುವ ಎರರ್ಸ್ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್‌ರಿಪ್ಲೇಸ್ ಕೊಡುತ್ತೇನೆ. ಓದಲಾಗದ ಬೈಟು ಸಂಖ್ಯೆಯಾಗಿ ಕಾಣುತ್ತದೆ, ಕೆಲಸ ಮುಂದುವರಿಯುತ್ತದೆ.

ಸೋತಿತೋ ಗೆದ್ದಿತೋ ಎಂದು ತೀರ್ಮಾನಿಸುವುದು ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆ ನೋಡಿಯೇ. ಸೊನ್ನೆ ಎಂದರೆ ಗೆದ್ದಿತು. ಶುರುವಿನಲ್ಲಿ ಪೂರ್ತಿ ಕಮಾಂಡ್, ಕೊನೆಯಲ್ಲಿ ಕೋಡ್, ಎರಡೂ ಲಾಗ್‌ನಲ್ಲಿ ಇರುತ್ತವೆ. ಆರ್‌ಸಿಂಕ್ 23 ಕೊಟ್ಟರೆ ಕೆಲವು ಫೈಲು ನಕಲಾಗಿಲ್ಲ ಎಂದರ್ಥ. 24 ಎಂದರೆ ನಕಲಿನ ನಡುವೆ ಫೈಲು ಮಾಯವಾಗಿದೆ, ಅದಕ್ಕೆ ನಾನು ಎಚ್ಚರಿಕೆ ಮಾತ್ರ ಬರೆಯುತ್ತೇನೆ. ಪೈಥಾನ್‌ನಲ್ಲಿ ಮೈನಸ್ 9 ಕಂಡರೆ ಯಾರೋ ಅದನ್ನು ಕೊಂದಿದ್ದಾರೆ, ಬಹಳ ಸಲ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ.

ನೀರ್ಚಾಲಿನ ಭಾವನಿಗೆ ಇದೆಲ್ಲ ಜಾಸ್ತಿ ಅನ್ನಿಸಿತು. “ಬ್ಯಾಷ್‌ನಲ್ಲಿ ಪೈಪ್ ಹಾಕಿ ಒಂದು ಟೀ ಕೊಟ್ಟರೆ ಸಾಕಲ್ವಾ ಭಾವ, ಸುಮ್ನೆ ಇಷ್ಟೆಲ್ಲ ಯಾಕೆ?” ಎಂದ. ಬ್ಯಾಷ್ ಎಂದರೆ ಕಮಾಂಡ್‌ಗಳನ್ನು ಓಡಿಸುವ ಶೆಲ್, ಟೀ ಎಂದರೆ ಬಂದದ್ದನ್ನು ತೆರೆಗೂ ಫೈಲಿಗೂ ಬರೆಯುವ ಕಮಾಂಡ್. ಸಾಕು, ಆದರೆ ಹಾಗೆ ಮಾಡಿದರೆ ಸಿಗುವುದು ಟೀಯ ಎಕ್ಸಿಟ್ ಕೋಡ್. ಎಫ್‌ಎಫ್‌ಎಂಪೆಗ್ ಬಿದ್ದರೂ ಟೀ ಸೊನ್ನೆಯನ್ನೇ ಕೊಡುತ್ತದೆ. ಅವನ ಸ್ಕ್ರಿಪ್ಟ್ ಈಗಲೂ ಬ್ಯಾಷ್‌ನಲ್ಲೇ ಇದೆ, ಮೇಲೆ, ಪೈಪಿನಲ್ಲಿ ಯಾವುದು ಸೋತರೂ ತಿಳಿಸುವ ಪೈಪ್‌ಫೇಲ್ ಒಂದು ಸೇರಿದೆ.